ಸೋಮವಾರಕ್ಕೇ ಎತ್ತಂಗಡಿಯಾಗುವ ಸಿನಿಮಾ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನನ್ನ ಅಣ್ಣನ ಮಗ 60 ಲಕ್ಷ ರೂಪಾಯಿಯಲ್ಲಿ ಒಂದು ಕನ್ನಡ ಸಿನಿಮಾ ಮಾಡಿದ. ಚಿತ್ರದ ಮೊದಲ ಪ್ರತಿ ಸಿದ್ಧವಾಗುವಷ್ಟರಲ್ಲಿ ಹಣವೆಲ್ಲ ಖಾಲಿ. ನೋಡಿದವರೆಲ್ಲ ಹೊಗಳಿದರು. ಮುಂಬೈ, ಠಾಣೆ ಸೇರಿ ಐದು ಮಲ್ಟಿಪ್ಲೆಕ್ಸ್‌ಗಳಲ್ಲಿ ದಿನಕ್ಕೊಂದು ಶೋ ಸಿಕ್ಕಿತ್ತು. ಸೋಮವಾರಕ್ಕೆ ಎಲ್ಲ ಕಡೆ ತೆಗೆದುಬಿಟ್ಟರು. ಒಳ್ಳೆಯ ಸಿನಿಮಾ ಜನಕ್ಕೆ ಬೇಡವೋ, ಥಿಯೇಟರಿನವರೇ ತುಳಿಯುತ್ತಾರೋ?
ಓದುಗರು, ಡೊಂಬಿವಲಿ

ಉತ್ತರ: ಯಾರ ಮೇಲಾದರೂ ಸಿಟ್ಟಾಗುವ ಮೊದಲು ಒಂದು ಟಿಕೆಟ್ಟಿನ ಲೆಕ್ಕ ನೋಡೋಣ. ಟಿಕೆಟ್ 200 ರೂಪಾಯಿ ಎಂದಿಟ್ಟುಕೊಳ್ಳಿ. 100 ರೂಪಾಯಿ ದಾಟಿದ ಟಿಕೆಟ್ಟಿಗೆ ಶೇ. 18 ಜಿಎಸ್‌ಟಿ. ಅದು ಹೋಗಿ ಉಳಿಯುವುದು ಸುಮಾರು 169 ರೂಪಾಯಿ 50 ಪೈಸೆ. 2009ರಲ್ಲಿ ಹಿಂದಿ ನಿರ್ಮಾಪಕರು ಎರಡು ತಿಂಗಳು ಮಲ್ಟಿಪ್ಲೆಕ್ಸ್‌ಗಳಿಗೆ ಹೊಸ ಸಿನಿಮಾ ಕೊಡದೆ ಮುಷ್ಕರ ಹೂಡಿದ್ದರು. ಆಗ ಆದ ಒಪ್ಪಂದದಲ್ಲಿ ವಿತರಕರ ಪಾಲು ಮೊದಲ ವಾರ ಶೇ. 50, ಎರಡನೇ ವಾರ 42.5, ಮೂರನೇ ವಾರ 37.5, ಆಮೇಲೆ 30 ಎಂದು ನಿಂತಿತು. ಸಣ್ಣ ನಿರ್ಮಾಪಕರಿಗೆ ಇಷ್ಟು ಸಿಕ್ಕರೆ ಪುಣ್ಯ. ಸಿಕ್ಕಿತು ಎಂದೇ ಹಿಡಿದರೆ 84 ರೂಪಾಯಿ 75 ಪೈಸೆ. ಅದರಲ್ಲಿ ವಿತರಕರ ಕಮಿಷನ್ ಶೇ. 15 ಎಂದುಕೊಂಡರೆ ನಿರ್ಮಾಪಕನ ಕೈಗೆ ಬರುವುದು ಸುಮಾರು 72 ರೂಪಾಯಿ. ಡಿಜಿಟಲ್ ಪ್ರೊಜೆಕ್ಷನ್ ಕಂಪನಿಗೆ ಸ್ಕ್ರೀನ್ ಲೆಕ್ಕದಲ್ಲಿ ಕೊಡುವ ವರ್ಚುಯಲ್ ಪ್ರಿಂಟ್ ಶುಲ್ಕ ಇದ್ದರೆ ಅದು ಬೇರೆ.

ಈಗ ನಿಮ್ಮ ಐದು ಸ್ಕ್ರೀನು. ಒಂದೊಂದರಲ್ಲಿ 150 ಸೀಟು, ದಿನಕ್ಕೆ ಒಂದು ಶೋ. ಏಳೂ ದಿನ ಓಡಿದ್ದರೆ ಒಟ್ಟು 5,250 ಸೀಟು. ಶೇ. 30 ತುಂಬಿದರೆ 1,575 ಜನ, ಅಂದರೆ 1,13,400 ರೂಪಾಯಿ. ವಾರವಿಡೀ ಓಡಿದ್ದರೂ ಇಷ್ಟೇ. 60 ಲಕ್ಷ ಹುಟ್ಟಬೇಕಾದರೆ 83 ಸಾವಿರಕ್ಕೂ ಹೆಚ್ಚು ಜನ ಟಿಕೆಟ್ ಕೊಳ್ಳಬೇಕು. ಮುಂಬೈ ಒಂದರಿಂದ ಅದು ಆಗುವ ಮಾತಲ್ಲ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಸೇರಿದರೂ ತಾರೆಗಳಿಲ್ಲದ ಚಿತ್ರಕ್ಕೆ ಅದು ದೊಡ್ಡ ಸಂಖ್ಯೆಯೇ. ಹಣ ಹಾಕುವವನು ಈ ಲೆಕ್ಕವನ್ನು ನಿಮಗಿಂತ ಮೊದಲೇ ಮಾಡಿರುತ್ತಾನೆ. ಹಿಂದೆ ಟಿವಿ ಚಾನೆಲ್‌ನ ಸ್ಯಾಟಲೈಟ್ ಹಕ್ಕು ಬಂಡವಾಳದ ಒಂದು ಭಾಗವನ್ನಾದರೂ ಎತ್ತಿಕೊಡುತ್ತಿತ್ತು. ಈಗ ಅವರೂ ಮೊದಲು ಹೀರೋ ಯಾರು ಎಂದು ಕೇಳುತ್ತಾರೆ. ಬ್ಯಾಂಕಿನವರು ಕಥೆಯ ಮೇಲೆ ಸಾಲ ಕೊಡುವುದಿಲ್ಲ, ಮನೆಪತ್ರ ಕೇಳುತ್ತಾರೆ.

ಸೋಮವಾರ ಏಕೆ ತೆಗೆದರು? ಶುಕ್ರ, ಶನಿ, ಭಾನುವಾರ ಎಷ್ಟು ಸೀಟು ತುಂಬಿತು ಎಂದು ನೋಡಿಯೇ ಮಲ್ಟಿಪ್ಲೆಕ್ಸ್‌ನವರು ಶೋ ಹಂಚುತ್ತಾರೆ. ಅವರಿಗೆ ಟಿಕೆಟ್ಟಿನಷ್ಟೇ ಪಾಪ್‌ಕಾರ್ನ್ ಕೌಂಟರಿನ ವ್ಯಾಪಾರವೂ ಮುಖ್ಯ, ಮಕ್ಕಳನ್ನು ಕರೆದುಕೊಂಡು ಇಡೀ ಕುಟುಂಬ ಬರುವ ಸಿನಿಮಾಕ್ಕೆ ಅಲ್ಲಿ ಮೊದಲ ಮಣೆ. ಯೋಚನೆಗೆ ಹಚ್ಚುವ ಸಿನಿಮಾ ನಡೆಯುವುದು ಬಾಯಿಮಾತಿನಿಂದ. ಶನಿವಾರ ನೋಡಿದವರು ಭಾನುವಾರ ಸಂಘದ ಕಾರ್ಯಕ್ರಮದಲ್ಲಿ ನಾಲ್ಕು ಜನಕ್ಕೆ ಹೇಳುತ್ತಾರೆ, ಕೇಳಿದವರು ಮುಂದಿನ ಭಾನುವಾರ ಹೋಗೋಣ ಎನ್ನುತ್ತಾರೆ. ಬಾಯಿಮಾತು ಹರಡಲು ಎಂಟು ಹತ್ತು ದಿನ ಬೇಕು, ಕೈಯಲ್ಲಿರುವುದು ಮೂರು ದಿನ. ಚಿತ್ರ ಚೆನ್ನಾಗಿಲ್ಲದೆ ಸೋಲುವುದಕ್ಕಿಂತ ಹೆಚ್ಚಾಗಿ ಈ ಐದಾರು ದಿನಗಳ ಅಂತರದಲ್ಲಿ ಬಿದ್ದು ಸೋಲುತ್ತದೆ.

ಶೋ ಸಮಯವನ್ನೂ ನೋಡಿ. ಮೀರಾರೋಡಿನಲ್ಲಿ ಶುಕ್ರವಾರ ಬೆಳಿಗ್ಗೆ 10ಕ್ಕೆ ಕನ್ನಡ ಸಿನಿಮಾ ಹಾಕಿದರೆ ಯಾರು ಬರಬೇಕು? ಹೋಟೆಲಿನ ಹುಡುಗರು ಕೆಲಸದಲ್ಲಿ, ಬ್ಯಾಂಕಿನವರು ಲೋಕಲ್ ಟ್ರೈನಿನಲ್ಲಿ. ಖಾಲಿ ಶೋಗಳೆಲ್ಲ ನಿಮ್ಮ ಸರಾಸರಿಯನ್ನು ಕೆಳಗೆ ಎಳೆಯುತ್ತವೆ. ಐದು ಸ್ಕ್ರೀನ್ ಕೇಳುವ ಬದಲು ಎರಡೇ ಸ್ಕ್ರೀನ್ ಕೇಳಿ, ಒಂದು ಮಾಟುಂಗ ಸುತ್ತಮುತ್ತ, ಇನ್ನೊಂದು ಠಾಣೆ ಅಥವಾ ಡೊಂಬಿವಲಿ ಕಡೆ. ಶನಿವಾರ, ಭಾನುವಾರ ಸಂಜೆ ಮಾತ್ರ, ಆದರೆ ಮೂರು ವಾರ. ಕೇಳಿದರೆ ಕೊಡುತ್ತಾರೆಯೇ? ಬರಿಗೈಯಲ್ಲಿ ಕೇಳಿದರೆ ಕೊಡುವುದಿಲ್ಲ. ಪ್ರತಿ ಶೋಗೆ 60 ಸೀಟಿನ ಮುಂಗಡ ಬುಕಿಂಗ್ ಕೈಯಲ್ಲಿಟ್ಟುಕೊಂಡು ಶೋ ಹಂಚುವ ಪ್ರೋಗ್ರಾಮಿಂಗ್ ವಿಭಾಗದ ಎದುರು ಕೂತರೆ ಮಾತು ಬೇರೆಯಾಗುತ್ತದೆ. ಸಂಘಗಳ ವಾಟ್ಸಾಪ್ ಗುಂಪಿನಲ್ಲಿ ‘ಶುಭವಾಗಲಿ’ ಎಂದವರನ್ನು ಎಣಿಸಬೇಡಿ, ದುಡ್ಡು ಕಳಿಸಿದವರನ್ನು ಎಣಿಸಿ. ಇನ್ನೊಂದು ತೊಡಕು: ಶುಕ್ರವಾರದ ಶೋ ಪಟ್ಟಿ ಬುಧವಾರ, ಗುರುವಾರದವರೆಗೂ ಖಚಿತವಾಗುವುದಿಲ್ಲ. ಎಲ್ಲ ಪ್ರಚಾರವನ್ನೂ ಹಿಂದಿನ ವಾರವೇ ಮುಗಿಸಿದರೆ ಜನ ಬುಕಿಂಗ್ ಪುಟ ತೆರೆದಾಗ ಶೋ ಇರುವುದಿಲ್ಲ. ಪ್ರಚಾರದ ಹಣದ ಅರ್ಧವನ್ನು ಶೋ ಪಟ್ಟಿ ಬಂದ ಮೇಲಿನ ದಿನಗಳಿಗೇ ಇಟ್ಟುಕೊಳ್ಳಿ.

ಆದರೆ ಆ ಹಣ ಎಲ್ಲಿದೆ? ನಿಮ್ಮ ಪತ್ರದ ಪ್ರಕಾರ 60 ಲಕ್ಷವೂ ಮೊದಲ ಪ್ರತಿ ಬರುವಷ್ಟರಲ್ಲಿ ಖಾಲಿ. ಇದೇ ಮೂಲ ತಪ್ಪು, ಹತ್ತರಲ್ಲಿ ಎಂಟು ಜನ ಮಾಡುವ ತಪ್ಪು. ಕೈಯಲ್ಲಿ 60 ಲಕ್ಷ ಇದ್ದರೆ ಚಿತ್ರೀಕರಣ, ಎಡಿಟಿಂಗ್, ಸೌಂಡ್, ದೃಶ್ಯಗಳ ಬಣ್ಣ ಹೊಂದಿಸುವ ಕೆಲಸ ಎಲ್ಲ 38ರಿಂದ 40 ಲಕ್ಷದೊಳಗೆ ಮುಗಿಯಬೇಕು. 15 ಲಕ್ಷ ಬಿಡುಗಡೆಗೆ, ಉಳಿದದ್ದು ಕೈಮೀರಿದ ಖರ್ಚಿಗೆ. ಉಳಿಸುವ ಜಾಗ ಶೂಟಿಂಗ್ ದಿನಗಳು. ಊಟ, ಬಾಟಾ (ದಿನಭತ್ಯೆ), ಕ್ಯಾಮೆರಾ ಬಾಡಿಗೆ, ವಾಹನ ಎಲ್ಲ ಸೇರಿಸಿ ಒಂದು ದಿನಕ್ಕೆ ಎಷ್ಟು ಬೀಳುತ್ತದೆಂದು ಮೊದಲೇ ಬರೆದಿಡಿ. ನಾಲ್ಕು ಲೊಕೇಶನ್ ಎರಡಾದರೆ ನಾಲ್ಕೈದು ದಿನ ತಾನಾಗಿ ಉಳಿಯುತ್ತದೆ. ಸೌಂಡಿನಲ್ಲಿ ಮಾತ್ರ ಜಿಪುಣತನ ಬೇಡ. ಸ್ಥಳದಲ್ಲಿ ಮಾತು ಸರಿಯಾಗಿ ದಾಖಲಾಗದಿದ್ದರೆ ಇಡೀ ಚಿತ್ರ ಡಬ್ಬಿಂಗ್‌ಗೆ ಹೋಗುತ್ತದೆ, ನಟರಲ್ಲದ ಊರಿನವರನ್ನು ಹಾಕಿಕೊಂಡಿದ್ದರೆ ಅವರನ್ನು ಸ್ಟುಡಿಯೋಗೆ ಕರೆತಂದು ತುಟಿಗೆ ಮಾತು ಹೊಂದಿಸುವುದೊಂದು ಹರಸಾಹಸ.

ಪ್ರಶ್ನೆ: ಪುಣೆಯಲ್ಲಿ ನಮ್ಮೂರ ಕಡೆಯ ಕೆಲವು ಹೋಟೆಲ್ ಧಣಿಗಳು ತಲಾ ಒಂದೆರಡು ಲಕ್ಷ ಕೊಡಲು ತಯಾರಿದ್ದಾರೆ. ಎಲ್ಲ ಪರಿಚಯದವರೇ. ಹೇಗೆ ತೆಗೆದುಕೊಳ್ಳಲಿ?
ಓದುಗರು, ಪುಣೆ

ಉತ್ತರ: ಪರಿಚಯದವರು ಎಂದೇ ಹೆಚ್ಚು ಎಚ್ಚರ ಬೇಕು. ‘ಎರಡು ವರ್ಷದಲ್ಲಿ ಇಷ್ಟು ಸೇರಿಸಿ ವಾಪಸ್ ಕೊಡುತ್ತೇನೆ’ ಎಂದು ಹತ್ತಾರು ಜನರಿಂದ ಹಣ ಎತ್ತಿದರೆ ಅದು 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯ ಬಲೆಗೆ ಬೀಳಬಹುದು. ಚಿತ್ರಕ್ಕೆಂದೇ ಒಂದು ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ ಸಂಸ್ಥೆ) ಅಥವಾ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿ, ಬ್ಯಾಂಕಿನ ಮೂಲಕವೇ ಹಣ ಪಡೆಯಿರಿ. ಕಂಪನಿ ಕಾಯ್ದೆಯ 42ನೇ ಕಲಮಿನಡಿ ಖಾಸಗಿಯಾಗಿ ಷೇರು ಕೊಡುವುದಾದರೆ ಒಂದು ಹಣಕಾಸು ವರ್ಷದಲ್ಲಿ 200 ಜನರ ಮಿತಿ ಇದೆ, ನಗದು ತೆಗೆದುಕೊಳ್ಳುವಂತಿಲ್ಲ. ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ಗೆ ಕೊಡುವ ಶುಲ್ಕ ಇಲ್ಲಿ ದಂಡವಲ್ಲ.

ಒಪ್ಪಂದದಲ್ಲಿ ಎಲ್ಲಕ್ಕಿಂತ ಮುಖ್ಯ, ಬಂದ ಮೊದಲ ರೂಪಾಯಿ ಯಾರಿಗೆ ಎಂಬುದು. ಸಾಮಾನ್ಯ ಕ್ರಮ ಹೀಗೆ: ಮೊದಲು ವಿತರಕರ ಕಮಿಷನ್, ಆಮೇಲೆ ಬಿಡುಗಡೆಯ ಖರ್ಚು, ಆಮೇಲೆ ಹೂಡಿದವರೆಲ್ಲರಿಗೂ ಅವರವರ ಹಣದ ಅನುಪಾತದಲ್ಲಿ ಅಸಲು, ಉಳಿದ ಲಾಭದಲ್ಲಿ ಹೂಡಿದವರಿಗೂ ಚಿತ್ರತಂಡಕ್ಕೂ ಪಾಲು. ಇದನ್ನು ಬರೆಯದೆ ‘ಶೆಟ್ರೆ, ನಿಮ್ಮದು ಮೊದಲು ಕೊಡುತ್ತೇನೆ’ ಎಂದು ಮೂರು ಜನ ಶೆಟ್ರಿಗೂ ಹೇಳಿದರೆ ಜಗಳಕ್ಕೆ ಮುಹೂರ್ತ ಇಟ್ಟ ಹಾಗೆ. ಹಣದ ಜೊತೆ ಸೋದರಳಿಯನಿಗೊಂದು ಪಾತ್ರ ಎಂಬ ಬೇಡಿಕೆಯೂ ಬರುತ್ತದೆ. ಚಿತ್ರಕಥೆ ಪೂರ್ತಿ ಓದಿಸಿದ ಮೇಲೆಯೇ ಹಣ ಮುಟ್ಟಿದರೆ ಆ ಮಾತು ಅರ್ಧಕ್ಕೆ ಇಳಿಯುತ್ತದೆ.

ಇಂಥ ಪ್ರಯೋಗ ಗೆದ್ದದ್ದೂ ಇದೆ. 1976ರ ‘ಮಂಥನ್’ ಚಿತ್ರಕ್ಕೆ ಗುಜರಾತಿನ ಐದು ಲಕ್ಷ ಹಾಲು ಉತ್ಪಾದಕರು ತಲಾ ಎರಡು ರೂಪಾಯಿ ಕೊಟ್ಟರು. 2013ರ ‘ಲೂಸಿಯಾ’ಕ್ಕೆ ನೂರಕ್ಕೂ ಹೆಚ್ಚು ಜನ ಸೇರಿ ಸುಮಾರು 50 ಲಕ್ಷ ಹಾಕಿದರು. ಎರಡರಲ್ಲೂ ಹಣ ಕೊಟ್ಟವರೇ ಮೊದಲ ಪ್ರೇಕ್ಷಕರೂ ಪ್ರಚಾರಕರೂ ಆದರು. ಇಬ್ಬರು ಧಣಿಗಳು 20 ಲಕ್ಷ ಕೊಡುವುದಕ್ಕಿಂತ ನಲವತ್ತು ಜನ ತಲಾ 50 ಸಾವಿರ ಕೊಡುವುದು ಬಿಡುಗಡೆಯ ದಿನ ಹೆಚ್ಚು ಬೆಲೆಬಾಳುತ್ತದೆ. ಲೆಕ್ಕಪತ್ರದ ತಲೆನೋವು ಹೆಚ್ಚು, ಅದು ನಿಜ.

ಪ್ರಶ್ನೆ: ಥಿಯೇಟರ್ ರಗಳೆಯೇ ಬೇಡ, ನೇರ ಓಟಿಟಿಗೆ ಕೊಟ್ಟರೆ?
ಓದುಗರು, ಮುಲುಂಡ್

ಉತ್ತರ: ಕೊರೊನಾ ಕಾಲದಲ್ಲಿ ನೇರವಾಗಿ ಕೊಂಡರು. ಆ ಬಾಗಿಲು ಈಗ ಸಣ್ಣ ಚಿತ್ರಗಳಿಗೆ ಬಹುಪಾಲು ಮುಚ್ಚಿದೆ. ಥಿಯೇಟರಿನಲ್ಲಿ ಬಂದಿದೆಯೇ ಎಂದು ಮೊದಲು ಕೇಳುತ್ತಾರೆ, ಬಂದಿದ್ದರೂ ಇಡೀ ಮೊತ್ತ ಕೊಡದೆ ಜನ ನೋಡಿದ ಗಂಟೆಗಳ ಲೆಕ್ಕದಲ್ಲಿ ಪಾಲು ಕೊಡುವುದೇ ಹೆಚ್ಚು. ಮಾತುಕತೆ ಮುರಿಯುವುದು ಬಹಳ ಸಲ ಕಾಗದಪತ್ರದಲ್ಲಿ. ಕಥೆಗಾರರಿಂದ ಹಕ್ಕು ಪಡೆದ ಪತ್ರದಲ್ಲಿ ಅವಧಿ ಬರೆಯದಿದ್ದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಮಿನ ಪ್ರಕಾರ ಐದೇ ವರ್ಷ ಎಂದು ಅರ್ಥ. ಯಾವ ದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಡಿಗೆ ಚಿತ್ರೋತ್ಸವಕ್ಕಷ್ಟೇ ಅನುಮತಿ ಪಡೆದು ಸುಮ್ಮನಿರುವುದು ಇನ್ನೊಂದು ಅಭ್ಯಾಸ. ಓಟಿಟಿ ಹೊತ್ತಿಗೆ ಹಾಡು ತೆಗೆಯಬೇಕಾಗುತ್ತದೆ, ಇಲ್ಲವೇ ಕೇಳಿದಷ್ಟು ಸುರಿಯಬೇಕಾಗುತ್ತದೆ.

ಪ್ರಶ್ನೆ: ನಮ್ಮ ಚಿತ್ರದ ರಫ್ ಕಟ್ (ಎಡಿಟಿಂಗ್‌ನ ಮೊದಲ ಕರಡು) ಸಿದ್ಧವಿದೆ. ಸಿನಿಮಾ ಮಾಡುವವರೂ ಕೊಳ್ಳುವವರೂ ಸೇರುವ ಪಣಜಿಯ ಫಿಲ್ಮ್ ಬಜಾರ್ ನಮಗೆ ಹತ್ತಿರ. ಕೈಯಲ್ಲಿ ಹಣವಿಲ್ಲ. ಹೋಗಿ ಪ್ರಯೋಜನವಿದೆಯೇ?
ಓದುಗರು, ವಾಸ್ಕೊ

ಉತ್ತರ: ಇದೆ, ಆದರೆ ಸರಿಯಾದ ಬಾಗಿಲು ತಟ್ಟಬೇಕು. ಎನ್‌ಎಫ್‌ಡಿಸಿ (ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ) 2007ರಿಂದ ನಡೆಸುತ್ತಿರುವ ಈ ಬಜಾರು ನವೆಂಬರಿನಲ್ಲಿ ಗೋವಾದ ಅಂತರರಾಷ್ಟ್ರೀಯ ಚಿತ್ರೋತ್ಸವ ಇಫಿಯ ಜೊತೆಗೇ ನಡೆಯುತ್ತದೆ, 2025ರಿಂದ ಹೆಸರು ವೇವ್ಸ್ ಫಿಲ್ಮ್ ಬಜಾರ್. ಚಿತ್ರಕಥೆಯ ಹಂತದಲ್ಲಿದ್ದು ಪಾಲುದಾರ ನಿರ್ಮಾಪಕರನ್ನು ಹುಡುಕುವವರಿಗೆ ಕೋ-ಪ್ರೊಡಕ್ಷನ್ ಮಾರ್ಕೆಟ್. ರಫ್ ಕಟ್ ಇರುವವರಿಗೆ ವರ್ಕ್ ಇನ್ ಪ್ರೋಗ್ರೆಸ್ ಲ್ಯಾಬ್. ವಿತರಕರು, ಉತ್ಸವದವರು ಕೂತು ನೋಡಲಿ ಎನ್ನುವವರಿಗೆ ವ್ಯೂಯಿಂಗ್ ರೂಮ್. ನಿಮ್ಮದು ಲ್ಯಾಬಿನ ಬಾಗಿಲು. ಕನ್ನಡದ ‘ತಿಥಿ’ ಈ ಲ್ಯಾಬಿನಲ್ಲಿ ಕೂತೆದ್ದು 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವಕ್ಕೆ ಹೋಗಿ ಪ್ರಶಸ್ತಿ ತಂದಿತು. ಲ್ಯಾಬಿಗೆ ಕಳಿಸುವ ಮೊದಲು ಬಣ್ಣದ ಕೆಲಸ, ಸೌಂಡಿನ ಅಂತಿಮ ಮಿಕ್ಸಿಂಗ್‌ಗೆ ಸಾಲ ಮಾಡಬೇಡಿ. ಅಲ್ಲಿನ ಚಿತ್ರ ಸಂಪಾದಕರು ಹದಿನೈದು ನಿಮಿಷ ಕತ್ತರಿಸಿ ಎಂದರೆ ಆ ಖರ್ಚೆಲ್ಲ ನೀರುಪಾಲು. ಮಾತು ಕೇಳಿಸುವಷ್ಟು ಸೌಂಡ್, ತಪ್ಪಿಲ್ಲದ ಇಂಗ್ಲಿಷ್ ಸಬ್‌ಟೈಟಲ್, ಇಷ್ಟು ಸಾಕು.

ಜೊತೆಗೆ ಎರಡು ಪುಟದ ಸಾರಾಂಶ, ನಿರ್ದೇಶಕರ ಟಿಪ್ಪಣಿ, ಒಂದೂವರೆ ನಿಮಿಷದ ಟ್ರೈಲರ್, ಇಲ್ಲಿಯವರೆಗೆ ಎಷ್ಟು ಖರ್ಚಾಗಿದೆ, ಮುಗಿಸಲು ಇನ್ನೆಷ್ಟು ಬೇಕು ಎಂಬ ಒಂದು ಪುಟದ ಲೆಕ್ಕ. ಆ ಕೊನೆಯ ಪುಟ ಇಲ್ಲದವರ ಜೊತೆ ಮಾತು ಕಾಫಿಗೇ ಮುಗಿಯುತ್ತದೆ. ಚಿತ್ರವನ್ನು ಒಂದು ದಿನದ ಮಟ್ಟಿಗೂ ಯೂಟ್ಯೂಬಿನಲ್ಲಿ ಎಲ್ಲರಿಗೂ ತೆರೆದಿಡಬೇಡಿ, ದೊಡ್ಡ ಉತ್ಸವಗಳು ಮೊದಲ ಪ್ರದರ್ಶನ ತಮ್ಮಲ್ಲೇ ಆಗಬೇಕೆನ್ನುತ್ತವೆ.

ಹಳ್ಳಿಯಲ್ಲಿ ತೆಗೆದ ಚಿತ್ರವಾದರೆ ಸೆನ್ಸಾರ್ ಬಗ್ಗೆಯೂ ಈಗಲೇ ಯೋಚಿಸಿ. ಎತ್ತು, ಕೋಳಿ, ನಾಯಿ ಬಳಸಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಬೇಕು, ಅದರ ಅನುಮತಿಯನ್ನು ಶೂಟಿಂಗಿಗೆ ಮೊದಲೇ ಪಡೆಯಬೇಕಿತ್ತು. ಬಿಡುಗಡೆಯ ದಿನಾಂಕ ಮುಂದೆ ಹೋಗುವುದು ಇಂಥದ್ದರಿಂದಲೇ. ಯಾರಾದರೂ ಬೀಡಿ ಸೇದಿದ್ದರೆ ಆರಂಭಕ್ಕೂ ಮಧ್ಯಂತರಕ್ಕೂ 30 ಸೆಕೆಂಡಿನ ಆರೋಗ್ಯ ಚಿತ್ರ, 20 ಸೆಕೆಂಡಿನ ಎಚ್ಚರಿಕೆ, ಆ ದೃಶ್ಯದ ಕೆಳಗೆ ಬರಹ.

ಕೊನೆಯದಾಗಿ, ಸೆಕೆಂಡಿಗೆ ಎಷ್ಟು ಫ್ರೇಮಿನಲ್ಲಿ ಶೂಟ್ ಮಾಡಿದ್ದೀರಿ ಎಂದು ಕ್ಯಾಮೆರಾಮನ್‌ರನ್ನು ಕೇಳಿ. ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ, ಅಂದರೆ ಡಿಸಿಪಿ, ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮ್. ನೀವು 25ರಲ್ಲಿ ತೆಗೆದಿದ್ದು ಹಾಗೇ 24ಕ್ಕೆ ಇಳಿಸಿದರೆ 100 ನಿಮಿಷದ ಚಿತ್ರ 104 ನಿಮಿಷವಾಗುತ್ತದೆ, ದನಿಯೂ ಸ್ವಲ್ಪ ದಪ್ಪವಾಗುತ್ತದೆ, ಸಬ್‌ಟೈಟಲ್ ಸಮಯವನ್ನೆಲ್ಲ ಮತ್ತೆ ಹೊಂದಿಸಬೇಕು. ಇದನ್ನು ಮಿಕ್ಸಿಂಗ್‌ಗೆ ಕೂರುವ ಮುನ್ನವೇ ತೀರ್ಮಾನಿಸಿ. ಡಿಸಿಪಿ ಕೈಗೆ ಬಂದ ಮೇಲೆ ಬೆಳಗಿನ ಮೊದಲ ಶೋಗೆ ಮುಂಚೆ ಒಂದು ಗಂಟೆ ಥಿಯೇಟರ್ ಕೇಳಿಕೊಂಡು, ಕನಿಷ್ಠ ಮೊದಲ ಇಪ್ಪತ್ತು ನಿಮಿಷ ಮತ್ತು ಕೊನೆಯ ರೀಲನ್ನಾದರೂ ದೊಡ್ಡ ಪರದೆಯಲ್ಲಿ ಓಡಿಸಿ ನೋಡಿ.