ವಂಶವೃಕ್ಷ ಎಷ್ಟು ತುಂಬಿದೆ? ಅಳೆಯುವ ಲೆಕ್ಕ

ಪ್ರಶ್ನೆ: ವಂಶವೃಕ್ಷದಲ್ಲಿ ಈಗ 312 ಹೆಸರುಗಳಿವೆ. ಅಪ್ಪನ ಕಡೆಯ ಹಳೆಯ ಹೆಸರುಗಳನ್ನು ನಮ್ಮ ಹೆಳವರು (ಊರೂರು ಸುತ್ತಿ ವಂಶಾವಳಿ ಹೇಳುವವರು) ಹೇಳಿದ್ದು. ಕೆಲಸ ಶೇಕಡಾ ಎಷ್ಟು ಮುಗಿದಿದೆ ಎಂದು ತಿಳಿಯುವುದು ಹೇಗೆ? ಹಿಂದಿನ ಐದು ತಲೆಮಾರಿನಲ್ಲಿ ನನಗೆ ಸಿಕ್ಕವರು ಕ್ರಮವಾಗಿ 2, 4, 6, 7, 5. – ಓದುಗರು, ಬಾಗಲಕೋಟೆ

ಉತ್ತರ: 312 ಅನ್ನು ಪಕ್ಕಕ್ಕಿಡಿ. ಅದರಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಅವರ ಮಕ್ಕಳು, ಬೀಗರು ಎಲ್ಲರೂ ಇದ್ದಾರೆ. ಅಂಥವರ ಸಂಖ್ಯೆಗೆ ಮಿತಿಯಿಲ್ಲ, ಮಿತಿಯಿಲ್ಲದ್ದಕ್ಕೆ ಶೇಕಡಾ ಕಟ್ಟಲಾಗದು. ನೇರ ಹಿರಿಯರ ಲೆಕ್ಕ ಮಾತ್ರ ಖಚಿತ: ತಂದೆತಾಯಿ 2, ಅಜ್ಜಅಜ್ಜಿಯರು 4, ಮುಂದೆ 8, 16, 32. ಒಬ್ಬ ಹಿರಿಯರಿಗೆ ಪಟ್ಟಿಯಲ್ಲಿ ಒಂದು ಮನೆ (ಖಾನೆ) ಎಂದರೆ ಐದು ತಲೆಮಾರಿಗೆ ಒಟ್ಟು 62 ಮನೆ. ನೀವು ತುಂಬಿದ್ದು 24, ಅಂದರೆ ಶೇ 39.

ಆದರೆ ಈ 39ನ್ನು ಪೂರ್ತಿ ನಂಬಬೇಡಿ. ಐದನೇ ತಲೆಮಾರೊಂದೇ 62ರಲ್ಲಿ 32 ಮನೆ ಹಿಡಿಯುವುದರಿಂದ ಅದು ಖಾಲಿ ಇದ್ದರೆ ಉಳಿದದ್ದೆಲ್ಲ ಮುಳುಗಿಹೋಗುತ್ತದೆ. ತಲೆಮಾರುವಾರು ನೋಡಿದರೆ ನಿಮ್ಮದು ಶೇ 100, 100, 75, 44, 16. ಇವುಗಳ ಸರಾಸರಿ 67. ಒಂದೇ ವೃಕ್ಷಕ್ಕೆ 39 ಎಂದೂ ಹೇಳಬಹುದು, 67 ಎಂದೂ ಹೇಳಬಹುದು! ಹಾಗಾಗಿ ಒಂದೇ ಅಂಕಿ ಹೇಳಿಕೊಳ್ಳದೆ ಐದನ್ನೂ ಸಾಲಾಗಿ ಬರೆದಿಡುವುದೇ ಸರಿ.

ಇನ್ನೂ ಉಪಯೋಗಕ್ಕೆ ಬರುವುದು ನಾಲ್ಕು ಪಾಲಿನ ಲೆಕ್ಕ. ನಿಮಗೆ 1 ಎಂಬ ಸಂಖ್ಯೆ ಕೊಡಿ. ಯಾರದೇ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೆ ಅವರ ತಂದೆ, ಅದಕ್ಕೆ ಒಂದು ಕೂಡಿಸಿದರೆ ತಾಯಿ. ತಂದೆ 2, ತಾಯಿ 3. ಅಪ್ಪನ ಅಪ್ಪ 4, ಅಪ್ಪನ ಅಮ್ಮ 5, ಅಮ್ಮನ ಅಪ್ಪ 6, ಅಮ್ಮನ ಅಮ್ಮ 7. ನಾಲ್ಕನೇ ತಲೆಮಾರಿನ 16ರಿಂದ 31ರವರೆಗಿನ ಮನೆಗಳನ್ನು ನಾಲ್ಕು ನಾಲ್ಕಾಗಿ ಒಡೆಯಿರಿ: 16–19 ಅಪ್ಪನ ಅಪ್ಪನ ಕಡೆ, 20–23 ಅಪ್ಪನ ಅಮ್ಮನ ತವರು, 24–27 ಅಮ್ಮನ ಅಪ್ಪನ ಕಡೆ, 28–31 ಅಮ್ಮನ ಅಮ್ಮನ ತವರು. ಹೆಳವರ ಹೇಳಿಕೆ ಹೆಚ್ಚಾಗಿ ಗಂಡುಮಕ್ಕಳ ಸಾಲು ಹಿಡಿದು ಸಾಗುತ್ತದೆ. ಆದ್ದರಿಂದ ನಿಮ್ಮ ಏಳು ಹೆಸರೂ ಮೊದಲನೇ ಮತ್ತು ಮೂರನೇ ಪಾಲಿನಲ್ಲೇ ಗುಂಪುಗೂಡಿದ್ದರೆ ಆಶ್ಚರ್ಯವಿಲ್ಲ. ಹಾಗಿದ್ದರೆ ಮೂಲಪುರುಷನನ್ನು ಹುಡುಕುತ್ತ ಇನ್ನೂ ಹಿಂದೆ ಹೋಗುವುದನ್ನು ನಿಲ್ಲಿಸಿ, ಅಜ್ಜಿಯರ ತವರಿಗೆ ಹೋಗಿ. ಅಲ್ಲಿ ಅಜ್ಜಿಯ ಹೆಸರು ಹಿಡಿದು ಹುಡುಕಿದರೆ ಸಾಮಾನ್ಯವಾಗಿ ಏನೂ ಸಿಗದು, ಮದುವೆಯಾದ ಮೇಲೆ ಹೆಸರನ್ನೇ ಬದಲಿಸಿರುವುದೂ ಉಂಟು. ಅಜ್ಜಿಯ ಅಣ್ಣತಮ್ಮಂದಿರ ಹೆಸರಲ್ಲಿ ಹುಡುಕಿ. ಅವರ ಹೆಸರಿಗೆ ಜಮೀನು ಪೌತಿ ಖಾತೆಯಾದ (ತೀರಿಕೊಂಡವರಿಂದ ವಾರಸುದಾರರಿಗೆ ಬದಲಾದ) ಮ್ಯುಟೇಶನ್, ಪಾಲುಪತ್ರ, ಹಳೆಯ ಲಗ್ನಪತ್ರಿಕೆ, ಮುಯ್ಯಿ ಬರೆದ ಪುಸ್ತಕ ಇವುಗಳಲ್ಲಿ ತಂದೆಯ ಹೆಸರು ಸಿಕ್ಕರೆ 10 ಅಥವಾ 14ನೇ ಮನೆ ತುಂಬಿದಂತೆ. ಆ ಊರಿಗೂ ಹೆಳವರು ಬರುತ್ತಾರೆಯೇ ಎಂದು ವಿಚಾರಿಸಿ.

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ಇದು ತಿರುಗುಮುರುಗು: ತಾಯಿಯ ಸಾಲು ಗಟ್ಟಿ, ತಂದೆಯ ಕಡೆ ಖಾಲಿ.

ಪ್ರಶ್ನೆ: ನಮ್ಮಪ್ಪ ತಮ್ಮ ಅಕ್ಕನ ಮಗಳನ್ನೇ ಮದುವೆಯಾದವರು. ಕೆಲವರ ಹೆಸರು ಎರಡೆರಡು ಸಲ ಬರುತ್ತದೆ. ಹೇಗೆ ಎಣಿಸಲಿ? – ಓದುಗರು, ಮಂಡ್ಯ

ಉತ್ತರ: ನಿಮ್ಮ ಅಮ್ಮನ ಅಮ್ಮ (7) ಅಪ್ಪನ ಅಕ್ಕ. ಆದ್ದರಿಂದ 14 ಮತ್ತು 4 ಒಬ್ಬರೇ, 15 ಮತ್ತು 5 ಒಬ್ಬರೇ. ಮುಂದಿನ ತಲೆಮಾರಿನ 28–31 ಎಂದರೆ 8–11. ನಾಲ್ಕು ತಲೆಮಾರಿಗೆ ಮನೆ 30, ಆದರೆ ವ್ಯಕ್ತಿಗಳು 24. ಎರಡೂ ಮನೆಯಲ್ಲಿ ಹೆಸರು ಬರೆಯಿರಿ, ಎರಡನ್ನೂ ತುಂಬಿದ್ದು ಎಂದೇ ಲೆಕ್ಕ ಹಾಕಿ; ವ್ಯಕ್ತಿಗಳ ಸಂಖ್ಯೆಯನ್ನು ಬೇರೆ ಬರೆದಿಡಿ. ತಂತ್ರಾಂಶದಲ್ಲಿ ಮಾತ್ರ ಹೊಸ ವ್ಯಕ್ತಿಯನ್ನು ಸೃಷ್ಟಿಸದೆ ಮೊದಲಿನವರಿಗೇ ಜೋಡಿಸಿ, ಇಲ್ಲದಿದ್ದರೆ ಒಬ್ಬ ಅಜ್ಜ ಇಬ್ಬರಾಗುತ್ತಾರೆ. ಸೋದರಮಾವನ ಮಗಳನ್ನು ತಂದುಕೊಂಡ ಮನೆಯಲ್ಲಿ 10–11 ಮತ್ತು 12–13 ಒಂದೇ ದಂಪತಿ. ಮೂರನೇ ತಲೆಮಾರಿನ 8 ಮನೆಗೆ ಆರೇ ಜನ.

ಪ್ರಶ್ನೆ: ಪಕ್ಷಮಾಸದ ತರ್ಪಣದ ಪಟ್ಟಿ ಇದೆ. ಹೆಸರಷ್ಟೇ ಇದ್ದರೆ ಮನೆ ತುಂಬಿದಂತೆಯೇ? – ಓದುಗರು, ಮೈಸೂರು

ಉತ್ತರ: ದ್ವಾದಶ ಪಿತೃಗಳ, ಅಂದರೆ ತರ್ಪಣದಲ್ಲಿ ನೆನೆಯುವ ಹನ್ನೆರಡು ಹಿರಿಯರ, 12 ಹೆಸರು ನೇರವಾಗಿ 2ರಿಂದ 9, 12, 13, 24, 25ನೇ ಮನೆಗಳಲ್ಲಿ ಕೂರುತ್ತವೆ. ನಾಲ್ಕು ತಲೆಮಾರಿನ 30 ಮನೆಗಳಲ್ಲಿ 12, ಶೇ 40. ಒಳ್ಳೆಯ ಆರಂಭವೇ. ಗಮನಿಸಿ, ಇಲ್ಲಿಯೂ 10–11, 14–15 ಇಲ್ಲ. ಮತ್ತೆ ಇಬ್ಬರು ಅಜ್ಜಿಯರ ತವರೇ.

ಬರೀ ಹೆಸರಿಗೆ ಪೂರ್ತಿ ಅಂಕ ಕೊಡಬೇಡಿ. ಹೆಸರಿಗೆ ಕಾಲು, ಊರಿಗೆ ಕಾಲು, ಹುಟ್ಟಿದ ಅಥವಾ ತೀರಿಕೊಂಡ ಇಸವಿಗೆ ಕಾಲು, ಇಂಥವರ ಮಗ ಅಥವಾ ಮಗಳು ಎಂದು ತೋರಿಸುವ ಕಾಗದಕ್ಕೆ ಕಾಲು. ಈ ಲೆಕ್ಕದಲ್ಲಿ ನಿಮ್ಮ 12 ಹೆಸರಿಗೆ ಮೂರೇ ಅಂಕ, ಅಂದರೆ ಶೇ 10. ಇಷ್ಟು ಬಿಗಿ ಏಕೆಂದರೆ ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮಲ್ಲಿ ಒಂದೇ ಹೆಸರು ತಲೆಮಾರು ಬಿಟ್ಟು ತಲೆಮಾರಿಗೆ ಬರುತ್ತದೆ. ಇಸವಿಯಿಲ್ಲದಿದ್ದರೆ ಇಬ್ಬರು ಕೂಡಿ ಒಬ್ಬರಾಗಿ ಸಾಲಿನಲ್ಲಿ ಎರಡು ತಲೆಮಾರು ಕಾಣೆಯಾಗುತ್ತದೆ. ಜಾತಕದಲ್ಲಿ ಸಂವತ್ಸರವಷ್ಟೇ ಇದ್ದರೂ ಎಚ್ಚರ: ಅದೇ ಹೆಸರು ಅರವತ್ತು ವರ್ಷಕ್ಕೊಮ್ಮೆ ಮರಳುವುದರಿಂದ ಪ್ರಭವ ಎಂದರೆ 1927–28 ಆಗಬಹುದು, 1867–68 ಆಗಬಹುದು. ಮಕ್ಕಳ ಇಸವಿಯ ಜೊತೆ ಹೋಲಿಸಿ, ಹೊಂದುವುದನ್ನು ಪೆನ್ಸಿಲ್‌ನಲ್ಲಿ ಬರೆಯಿರಿ.