ಅದೇ ಪಾದ, ಅದೇ ತೂಕ, ಹತ್ತು ಪರ್ಸೆಂಟ್ ಕಡಿಮೆ ಕೊಬ್ಬು

ಕೊಬ್ಬಿನ ಪರ್ಸೆಂಟ್ ತೋರಿಸುವ ತೂಕದ ಯಂತ್ರವನ್ನು ನಂಬಿ ಊಟಕ್ಕೆ ಹೆದರಿದವರ ಪ್ರಕರಣಗಳಲ್ಲಿ, ಈ ವರ್ಷ ನನ್ನ ಹತ್ತಿರ ಬಂದದ್ದರಲ್ಲಿ ಇದು ನಾಲ್ಕನೆಯದು. ಅದಕ್ಕೇ ಬರೆಯುತ್ತಿದ್ದೇನೆ. ಹೆಸರು, ಕೆಲವು ವಿವರ ಬದಲಿಸಿದ್ದೇನೆ. ಅವಳ ಒಪ್ಪಿಗೆಯೂ ಇದೆ.

ಚೈತ್ರ ಅನ್ನೋಣ. 27 ವರ್ಷ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಎತ್ತರ 158 ಸೆಂಟಿಮೀಟರ್, ತೂಕ 55 ಕೆಜಿ ಇದ್ದಳು. ಆಫೀಸಿನ ಆರೋಗ್ಯ ಶಿಬಿರದಲ್ಲಿ ಒಂದು ಯಂತ್ರದ ಮೇಲೆ ನಿಲ್ಲಿಸಿ, ಕೊಬ್ಬು 33 ಪರ್ಸೆಂಟ್ ಅಂತ ಚೀಟಿ ಕೊಟ್ಟರು. ‘ನೋಡೋಕೆ ತೆಳ್ಳಗಿದ್ದೀರಿ, ಒಳಗೆಲ್ಲ ಕೊಬ್ಬು’ ಅಂದನಂತೆ ಅಲ್ಲಿದ್ದ ಹುಡುಗ. ಅವತ್ತೇ ಅವಳು ಮೊಬೈಲಿಗೆ ಜೋಡಿಸುವ ತೂಕದ ಯಂತ್ರ ತರಿಸಿದಳು. ಆರು ತಿಂಗಳಾದ ಮೇಲೆ ಅಪ್ಪ ಅವಳನ್ನು ನನ್ನ ಹತ್ತಿರ ಕರೆದುಕೊಂಡು ಬಂದರು. ‘ಯುಗಾದಿಗೆ ಒಂದು ಒಬ್ಬಟ್ಟು ಮುಟ್ಟಲಿಲ್ಲ ಮೇಡಂ.’ ಆಗ ತೂಕ 51. ಮೂರು ತಿಂಗಳಿಂದ ಮುಟ್ಟಾಗಿರಲಿಲ್ಲ. ಅದನ್ನು ಅಪ್ಪ ಹೊರಗೆ ಹೋದ ಮೇಲೆ ಹೇಳಿದಳು. ಮೊದಲ ದಿನವೇ ಸ್ತ್ರೀರೋಗ ತಜ್ಞರ ಬಳಿ ಕಳಿಸಿದೆ. ಅದಕ್ಕೆ ಮಾತು ಸಾಲದು.

ದಿನಕ್ಕೆ ಮೂರು ಸಲ ಯಂತ್ರ ಹತ್ತುತ್ತಿದ್ದಳು. ಎಲ್ಲವೂ ಎಕ್ಸೆಲ್ ಶೀಟಿನಲ್ಲಿತ್ತು. ಒಂದು ಮಧ್ಯಾಹ್ನ ಮೊಸರನ್ನ ತಿಂದದ್ದಕ್ಕೆ ಸಂಜೆ ಒಂದೂವರೆ ಪರ್ಸೆಂಟ್ ಜಾಸ್ತಿ ಆಗಿತ್ತಂತೆ. ಕೂತು ಲೆಕ್ಕ ಹಾಕಿದೆವು. 51 ಕೆಜಿಗೆ ಒಂದೂವರೆ ಪರ್ಸೆಂಟ್ ಅಂದರೆ ಮುಕ್ಕಾಲು ಕೆಜಿ ಕೊಬ್ಬು. ಅಷ್ಟು ಕೊಬ್ಬಿಗೆ ಹೆಚ್ಚುಕಮ್ಮಿ 6,000 ಕ್ಯಾಲರಿ ಬೇಕು. ಒಂದು ಬಟ್ಟಲು ಮೊಸರನ್ನ ಎಲ್ಲಿಂದ ತರುತ್ತೆ? ಲೆಕ್ಕ ಒಪ್ಪಿದಳು, ಭಯ ಬಿಡಲಿಲ್ಲ.

ಮೂರನೇ ಭೇಟಿಗೆ ಯಂತ್ರವನ್ನೇ ತರಲು ಹೇಳಿದೆ. ಚೀಲದಿಂದ ತೆಗೆದು ನೆಲದ ಮೇಲಿಟ್ಟಳು. ನಿಂತಳು. 31.8. ‘ಈಗ ಆ್ಯಪ್‌ನಲ್ಲಿ ಹೆಣ್ಣು ಅನ್ನೋದನ್ನ ಗಂಡು ಅಂತ ಮಾಡಿ ಮತ್ತೆ ನಿಂತ್ಕೋ’ ಅಂದೆ. ನಕ್ಕಳು. ಮಾಡಿದಳು. 21.4.

ಅವಳು ಇಳಿಯಲೇ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: ‘ಹಾಗಾದ್ರೆ ಇಷ್ಟು ದಿನ ನಾನು ಇಳಿಸ್ತಿದ್ದಿದ್ದು ಯಾರ ಕೊಬ್ಬು ಮೇಡಂ?’

ಆ ಯಂತ್ರ ಒಂದು ಪಾದದಿಂದ ಇನ್ನೊಂದಕ್ಕೆ ಸಣ್ಣ ಕರೆಂಟ್ ಹರಿಸುತ್ತದೆ. ನೀರು, ಸ್ನಾಯು ಅದನ್ನು ಸುಲಭವಾಗಿ ಬಿಡುತ್ತವೆ, ಕೊಬ್ಬು ತಡೆಯುತ್ತದೆ. ಅಳೆಯುವುದು ಆ ತಡೆಯನ್ನು ಮಾತ್ರ. ಉಳಿದದ್ದು ಎತ್ತರ, ತೂಕ, ವಯಸ್ಸು, ಗಂಡೋ ಹೆಣ್ಣೋ ಅಂತ ಸೇರಿಸಿ ಕಟ್ಟಿದ ಸೂತ್ರದ ಊಹೆ. ನೀರು ಕಡಿಮೆ ಕುಡಿದಿದ್ದರೆ, ಆಗಷ್ಟೇ ವ್ಯಾಯಾಮ ಮಾಡಿದ್ದರೆ, ಪಾದ ಒದ್ದೆ ಇದ್ದರೆ ಅಂಕಿ ಬೇರೆ. ಎಕ್ಸ್-ರೇಯಿಂದ ಮೈಯ ಕೊಬ್ಬು ಅಳೆಯುವ ಡೆಕ್ಸಾ ಸ್ಕ್ಯಾನ್ ಇದಕ್ಕಿಂತ ಎಷ್ಟೋ ವಾಸಿ. ಆದರೆ ಅವಳಿಗೆ ಅದೂ ಬೇಕಿರಲಿಲ್ಲ. ಹೆಣ್ಣಿನ ಮೈಯಲ್ಲಿ ಗಂಡಿಗಿಂತ ಜಾಸ್ತಿ ಕೊಬ್ಬಿರುವುದು ಸಹಜ. ಮುಟ್ಟು ನಿಂತಿರುವಾಗ ಇನ್ನೂ ಇಳಿಸುವ ಮಾತೇ ಇಲ್ಲ.

ನನ್ನ ಸಲಹೆ ಇಷ್ಟು. ಯಂತ್ರ ಊರಿಗೆ, ಅಮ್ಮನ ಬೀರುವಿಗೆ. ಮೂರು ಹೊತ್ತು ಊಟ, ರಾತ್ರಿ ಮುದ್ದೆಯೂ ಸೇರಿ. ಮುಟ್ಟು ಸರಿಹೋಗುವ ತನಕ ಎಕ್ಸೆಲ್ ಇಲ್ಲ. ಮತ್ತೆ ಒಂದೇ ಒಂದು ಸಲ ಟೇಪ್ ಹಿಡಿದು ಸೊಂಟ ಅಳೆದೆ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟಾಗ. 70 ಸೆಂಟಿಮೀಟರ್. ನಮ್ಮ ದೇಶದ ಹೆಂಗಸರಿಗೆ 80ರ ಒಳಗಿರಬೇಕು ಅನ್ನುತ್ತಾರೆ. ಸೊಂಟ ಎತ್ತರದ ಅರ್ಧ ದಾಟಬಾರದು ಅನ್ನುವ ಲೆಕ್ಕ ಹಿಡಿದರೂ ಗಡಿ 79. ‘ನಿನ್ನ ಲೆಕ್ಕ ಇಲ್ಲಿಗೆ ಮುಗೀತು’ ಅಂದೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು, ‘ಯಂತ್ರ ಕಿತ್ಕೊಂಡು ಟೇಪ್ ಕೊಟ್ಟಿದ್ದೀರಿ, ಅಷ್ಟೇ’ ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ಬಲವಂತದ ವಾಂತಿಯ ಅಭ್ಯಾಸ ಇದ್ದಿದ್ದರೆ, ಇನ್ನೂ ಸೊರಗಿದ್ದಿದ್ದರೆ ನಾನು ಟೇಪ್ ಮುಟ್ಟುತ್ತಿರಲಿಲ್ಲ. ಆದರೆ ದಿನವಿಡೀ ಅಂಕಿಗಳ ಜೊತೆ ಕೆಲಸ ಮಾಡುವವಳಿಗೆ ‘ನೀನು ಚೆನ್ನಾಗೇ ಇದ್ದೀಯ’ ಅಂತ ಸುಮ್ನೆ ಹೇಳಿದರೆ ನಂಬುತ್ತಾಳಾ? ಅಮ್ಮ ಆರು ತಿಂಗಳು ಅದನ್ನೇ ಹೇಳಿದ್ದರು.

ಟೇಪ್ ಕೈಯಲ್ಲಿದ್ದಾಗಲೇ ಅಪ್ಪ ಒಳಗೆ ಬಂದರು. 54 ವರ್ಷ, ಕೈಕಾಲು ಸಣ್ಣ, ಮುಂದೆ ಹೊಟ್ಟೆ. ಮಗಳನ್ನು ನಗಿಸಲು ‘ನನ್ನದೂ ಅಳೀರಿ’ ಅಂದರು. ತಮ್ಮ ಬಗ್ಗೆ ಅವರಿಗೆ ಚಿಂತೆಯೇ ಇರಲಿಲ್ಲ. ಎತ್ತರ 168, ತೂಕ 64. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವೇ ಅಂತ ನೋಡುವ ಅಂಕಿ, 22.7. ಭಾರತೀಯರಿಗೆ 23ರಿಂದ ಹೆಚ್ಚು ತೂಕ ಅಂತ ಎಣಿಸುತ್ತಾರೆ, ಇವರು ಅದರ ಒಳಗೆ. ‘ನನ್ನ ಪ್ಯಾಂಟು ಇಪ್ಪತ್ತು ವರ್ಷದಿಂದ 34 ಇಂಚಿನದೇ ಮೇಡಂ.’ ನಿಜವೇ. ಬೆಲ್ಟ್ ಹೊಟ್ಟೆಯ ಕೆಳಗೆ ಜಾರಿತ್ತು. ಹೊಟ್ಟೆಯ ಮೇಲೆ ಟೇಪ್ 96 ಸೆಂಟಿಮೀಟರ್ ತೋರಿಸಿತು. ಗಂಡಸರಿಗೆ 90 ಗಡಿ.

ಪುಣೆಯ ಡಾಕ್ಟರ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾಕ್ಟರ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರ ಬಿಎಂಐಯೂ 22.3. ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ 9.1 ಪರ್ಸೆಂಟ್, ಯಾಜ್ಞಿಕ್ ಅವರಿಗೆ 21.2. ಆ ಪುಟವನ್ನು ಅಪ್ಪನಿಗೆ ತೋರಿಸಿದೆ. ಶಿಬಿರದ ಹುಡುಗ ಮಗಳಿಗೆ ಹೇಳಿದ ಮಾತು ಅಪ್ಪನಿಗೆ ಹೇಳಬೇಕಿತ್ತು ನೋಡಿ. ಸಕ್ಕರೆ ಪರೀಕ್ಷೆಗೆ ಬರೆದುಕೊಟ್ಟ ಡಾಕ್ಟರು, ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ 6.2 ಬಂತು ಅಂದರು. ಮಧುಮೇಹದ ಹೊಸ್ತಿಲು.

ಚೈತ್ರಳ ಮುಟ್ಟು ಎರಡು ತಿಂಗಳಲ್ಲಿ ಸರಿಹೋಯಿತು. ಕೊನೆಯ ಭೇಟಿಯಲ್ಲಿ, ಊರಿಗೆ ಹೋದಾಗಲೆಲ್ಲ ಅಪ್ಪನ ಸೊಂಟ ಅಳೆಯುತ್ತೇನೆ ಅಂದಳು. ನನಗೆ ಒಳಗೇ ಅಳುಕು. ಹೊಸ ಎಕ್ಸೆಲ್ ಶುರುವಾಯಿತಾ ಅಂತ ಕೇಳಿದೆ.

‘ಇಲ್ಲ ಮೇಡಂ. ಹೊಟ್ಟೆ ಒಳಗೆ ಎಳ್ಕೊಂಡು ನಿಲ್ತಾರೆ. ಉಸಿರು ಬಿಡಪ್ಪ, ಬಿಡಪ್ಪ ಅಂತ ಗೋಗರೆಯೋದ್ರಲ್ಲೇ ಸಾಕಾಗುತ್ತೆ.’