ತುಂಗಭದ್ರೆಯಲ್ಲಿ ಗಾಳ ಹಾಕಲು ಹೆಣೆದ ದಾರವೋ, ನೈಲಾನ್ ದಾರವೋ?

ಸಿರುಗುಪ್ಪದ ಕಡೆ ಹೊಳೆಯಲ್ಲಿ ರಾಡ್ ಹಿಡಿದು ಮೀನು ಹಿಡಿಯಲು ಯಾವ ದಾರ ಕೊಳ್ಳಲಿ ಎಂದು ಕೇಳಿದ್ದೀರಿ. ಹೊಸಬರಾದರೆ ಒಂಟಿ ಎಳೆಯ ನೈಲಾನ್ ದಾರವನ್ನೇ ಕೊಳ್ಳಿ.

ಕಾರಣ ಕಲ್ಲು. ನಮ್ಮ ಹೊಳೆಯ ತಳದಲ್ಲಿ ಬಂಡೆಗಳೇ ಹೆಚ್ಚು. ಹೆಣೆದ ದಾರವೆಂದರೆ ಕೂದಲಿಗಿಂತ ತೆಳುವಾದ ಪಾಲಿಎಥಿಲೀನ್ ಎಳೆಗಳ ಜಡೆ. ನೇರವಾಗಿ ಎಳೆದರೆ ಅದರ ಶಕ್ತಿ ಅಪಾರ, ಆದರೆ ಬಂಡೆಯ ಅಂಚಿಗೆ ಉಜ್ಜಿದರೆ ಎಳೆ ಎಳೆಯಾಗಿ ಹರಿಯುತ್ತದೆ. ನೈಲಾನ್ ಗೀರು ಬಿದ್ದರೂ ಸ್ವಲ್ಪ ತಾಳುತ್ತದೆ. ಅದು ಹಿಗ್ಗುವುದರಿಂದ ದೊಡ್ಡ ಕಾಟ್ಲಾ ಒಮ್ಮೆಲೇ ಜಗ್ಗಿದಾಗ ಗಾಳ ಬಾಯಿಂದ ಕಿತ್ತು ಬರುವುದೂ ಕಡಿಮೆ.

ಹೆಣೆದ ದಾರ ಹಿಗ್ಗುವುದೇ ಇಲ್ಲವೆನ್ನಬಹುದು. ಮೀನು ಮೂತಿ ತಾಗಿಸಿದರೂ ಕೈಗೆ ತಿಳಿಯುತ್ತದೆ, ತೆಳುವಾಗಿರುವುದರಿಂದ ದೂರಕ್ಕೂ ಹೋಗುತ್ತದೆ. ಅದೇ ಬೇಕೆಂದರೆ ತುದಿಗೆ ಒಂದೆರಡು ಮಾರು ನೈಲಾನ್ ಜೋಡಿಸಿ. ಕಲ್ಲಿಗೆ ಉಜ್ಜುವ ಭಾಗ ಅದೇ ಆಗಿರಲಿ. ಮಾಮೂಲಿ ಗಂಟು ಹೆಣೆದ ದಾರದಲ್ಲಿ ಜಾರುತ್ತದೆ, ದಾರವನ್ನು ಜೋಡಿಯಾಗಿ ಮಡಚಿ ಹಾಕುವ ಪಾಲೋಮರ್ ಗಂಟು ಕಲಿಯಿರಿ. ಸಿಕ್ಕಿಕೊಂಡ ದಾರವನ್ನು ಬರಿಗೈಗೆ ಸುತ್ತಿ ಎಳೆಯಲೇಬೇಡಿ, ಬೆರಳು ಕೊಯ್ದುಬಿಡುತ್ತದೆ.

ಬಿಸಿಲಿಗೆ ನೈಲಾನ್ ಬೇಗ ಸೊರಗುತ್ತದೆ. ಬೇಸಿಗೆ ಕಳೆದ ಮೇಲೆ ಬದಲಿಸಿ. ತುಂಡಾದ ದಾರವನ್ನು ದಡದಲ್ಲಿ ಬಿಡದೆ ಜೇಬಿಗೆ ಹಾಕಿಕೊಳ್ಳಿ, ನೀರುನಾಯಿಗಳು ಅದರಲ್ಲಿ ಸಿಕ್ಕಿಕೊಳ್ಳಬಹುದು. ಮುದ್ಲಾಪುರದಿಂದ ಕಂಪ್ಲಿಯವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿಗಳಿಗಾಗಿ ಮೀಸಲಿಡಲಾಗಿದೆ, ಆದರೆ ನೀರುನಾಯಿಗೆ ಕಂಪ್ಲಿಯ ಗಡಿ ಗೊತ್ತಿಲ್ಲ, ಕೆಳಗೆ ಸಿರುಗುಪ್ಪದ ಕಡೆಗೂ ಬರಬಹುದು.